ಕಾಯಿ ತಲುಪಿದ್ದಕ್ಕೆ ರಸೀದಿ

ನಮ್ಮ ದೊಡ್ಡಪ್ಪನ ಕಾಲಿಗೆ ಬಿದ್ದರೆ ಆಶೀರ್ವಾದ ಸಿಗುತ್ತಿರಲಿಲ್ಲ, ಕಾನೂನು ಸಲಹೆ ಸಿಗುತ್ತಿತ್ತು! ಬೇರೆಯವರ ದೊಡ್ಡಪ್ಪಂದಿರು "ನೂರು ಕಾಲ ಬಾಳವ್ವ" ಅನ್ನುತ್ತಾರೆ. ನಮ್ಮವರು, ಧಾರೆ ಮುಗಿಸಿ ಜೋಡಿಯಾಗಿ ಬಾಗಿದ ನಮ್ಮಿಬ್ಬರ ತಲೆಯ ಮೇಲೆ ಕೈಯಿಟ್ಟು ಹೇಳಿದ್ದು ಇಷ್ಟು: "ಖಾಲಿ ಕಾಗದಕ್ಕೆ ರುಜು ಹಾಕಬ್ಯಾಡಿ. ಹಾಕಿದ ಕಾಗದದ ನಕಲು ಬಿಡಬ್ಯಾಡಿ. ತಿಳೀದೆ ಇರೋ ಸಾಲು ಇದ್ರೆ ನಾಚ್ಕಬ್ಯಾಡಿ, ಕೇಳಿ."

ನಮ್ಮ ಯಜಮಾನರು ಅಕ್ಷತೆ ಕೊಡವಿಕೊಳ್ಳುತ್ತಾ ನನ್ನ ಕಿವಿಯ ಹತ್ತಿರ ಬಾಗಿ, "ನಿಮ್ಮ ದೊಡ್ಡಪ್ಪ ಲಾಯರಾ?" ಎಂದರು. ಅವರು ನನ್ನೊಡನೆ ಆಡಿದ ಮೊದಲ ಮಾತು ಅದು. ನನ್ನ ಸಂಸಾರ ಶುರುವಾದದ್ದೇ ಹಾಗೆ, ಏನು ಮಾಡಲಿ!

ಲಾಯರೂ ಅಲ್ಲ, ಗುಮಾಸ್ತರೂ ಅಲ್ಲ. ಅರಸೀಕೆರೆಯಲ್ಲಿ ಹಗ್ಗ, ಚಾಪೆ, ಮಂಕರಿ ಮಾರುವ ಚಿಕ್ಕ ಅಂಗಡಿ ಇಟ್ಟಿದ್ದವರು. ಮಳಿಗೆಯ ಮಾಲೀಕರು ದೇವರಂಥ ಮನುಷ್ಯ. "ನೀನಿರೋವರ್ಗೂ ಅಂಗಡಿ ನಿಂದೇ ಕಣಯ್ಯ" ಎಂದು ಬಾಯಲ್ಲಿ ಹೇಳಿದರು, ಕಾಗದದಲ್ಲಿ ಬರೆಯದೆ ತೀರಿಕೊಂಡರು. ತಿಥಿ ಊಟದ ಎಲೆ ಒಣಗುವ ಮೊದಲೇ ಮಕ್ಕಳು ಬಂದು ಬೀಗದ ಕೈ ಕೇಳಿದರು. ಅಂದಿನಿಂದ ದೊಡ್ಡಪ್ಪನದು ಒಂದೇ ಮಂತ್ರ: "ಬಾಯಿಗೆ ಬೀಗ ಇಲ್ಲ, ಕಾಗದಕ್ಕೆ ಕಾಲಿಲ್ಲ." ಬೆಳಿಗ್ಗೆ ಎದ್ದು ಲಿಂಗಪೂಜೆ, ಹಣೆ ತುಂಬಾ ವಿಭೂತಿ, ಆಮೇಲೆ ಸಂಜೆಯವರೆಗೆ ಊರಿನವರ ಕಾಗದ ಓದುವುದು. ಯಾರು ಕೇಳಿದ್ದರು? ಯಾರೂ ಇಲ್ಲ!

ಒಮ್ಮೆ ನಾನೂ ಜೊತೆಯಲ್ಲಿದ್ದೆ. ಬಸ್ ಸ್ಟ್ಯಾಂಡಿನ ಎದುರಿನ ಅಂಗಡಿಯಲ್ಲಿ ಟೀ ಮಾಡುವ ಹೆಂಗಸು ಲೋಟ ಚಾಚಿದರೆ, ಇವರು ಕೈಯನ್ನೇ ಮುಂದಕ್ಕೆ ತರಲಿಲ್ಲ.

"ಟೀ ಆಮೇಲೆ ಕೊಡವ್ವ. ಬಾಡಿಗೆ ಕರಾರು ಎಲ್ಲೈತೆ?"

"ಐತೆ ಕಣ್ರೀ, ಸಕ್ಕರೆ ಡಬ್ಬದ ಹಿಂದೆ ಮಡಗಿವ್ನಿ."

"ಓದಿದ್ಯಾ?"

"ಓದಕ್ಕೆ ಪುರಸೊತ್ತೆಲ್ಲಿ? ನಿಮ್ಮಂಗೆ ನಾನೇನು ಕೆಲ್ಸ ಇಲ್ದೋಳಾ?"

ಟೀ ಕುಡಿಯುತ್ತಿದ್ದವರೆಲ್ಲ ಗೊಳ್ಳೆಂದು ನಕ್ಕರು. ದೊಡ್ಡಪ್ಪ ಕನ್ನಡಕ ಏರಿಸಿ ಪೂರ್ತಿ ಓದಿದರು. ಹನ್ನೊಂದು ತಿಂಗಳ ಕರಾರು ಮುಗಿದು ಎಷ್ಟೋ ಕಾಲವಾಗಿತ್ತು. ಸಾಲದ್ದಕ್ಕೆ ಅದರಲ್ಲಿ ಬರೆದಿದ್ದ ಮಳಿಗೆ ಇವಳದಲ್ಲವೇ ಅಲ್ಲ, ಪಕ್ಕದ ಸೈಕಲ್ ಶಾಪು! ನಗುತ್ತಿದ್ದವರು ಲೋಟ ಕೆಳಗಿಟ್ಟರು. ಮಾರನೆಯ ವಾರ ಹೊಸ ಕರಾರಾಯಿತು. ಅವಳು ಕಣ್ಣಲ್ಲಿ ನೀರು ತುಂಬಿಕೊಂಡು, "ಇನ್ಮೇಲೆ ನಿಮಗೆ ಟೀ ಪುಕ್ಕಟೆ ಕಣ್ರೀ" ಎಂದಳು. ದೊಡ್ಡಪ್ಪ ಜೇಬಿನಿಂದ ಪೆನ್ನು ತೆಗೆದು ಅವಳ ಮುಂದೆ ಹಿಡಿದರು: "ಬರೆದುಕೊಡು!"

ಹಳೇಬೀಡಿನ ನಮ್ಮ ಮನೆಗೆ ಬಂದಾಗಲೂ ಇದೇ ಪಾಡು. ಪಕ್ಕದ ಮನೆಯಾಕೆ ಇಡ್ಲಿ ಪಾತ್ರೆ ಕೇಳಲು ಬಂದಳು. ನಾನು ಕೊಡುವುದರೊಳಗೆ ಇವರು ಬರೆದೇಬಿಟ್ಟರು: "ಇಡ್ಲಿ ಪಾತ್ರೆ ಒಂದು, ತಟ್ಟೆ ನಾಲ್ಕು, ಅದರಲ್ಲಿ ಒಂದು ಮೊದಲೇ ಸೊಟ್ಟಗಾಗಿರುತ್ತದೆ." ಆಕೆ ರುಜು ಹಾಕುವಾಗ ಭೂಮಿ ಬಾಯಿಬಿಡಬಾರದೇ ಎನಿಸಿತು. ಪಾತ್ರೆ ವಾಪಸು ಬಂದ ದಿನ ನಮ್ಮ ಅತ್ತೆಯವರು ತಟ್ಟೆ ತಿರುಗಿಸಿ ನೋಡಿ, "ಸೊಟ್ಟ ಮಾಡಿ ತಂದವ್ಳೆ!" ಎಂದು ಶುರುಮಾಡಿದರು. ಆಕೆ ಸೆರಗಿನಿಂದ ಆ ಚೀಟಿಯನ್ನೇ ತೆಗೆದು ತೋರಿಸಿದಳು. ನಮ್ಮ ಪಾತ್ರೆ ಕಾಯಲು ಬರೆದ ಕಾಗದ ಆಕೆಯ ಮಾನ ಕಾಯಿತು. ನಮ್ಮ ಯಜಮಾನರ ಹಿಟ್ಟಿನ ಗಿರಣಿಯ ಮಳಿಗೆಗೂ ಇವರೇ ಕರಾರು ಬರೆಸಿದ್ದು. ಗಿರಣಿ ಇವತ್ತಿಗೂ ಅಲ್ಲೇ ಓಡುತ್ತಿದೆ. ಶಿವ ಕೊಟ್ಟ ಪುಣ್ಯದಲ್ಲಿ ಅದೂ ಒಂದು.

ಅಪ್ಪ ತೀರಿಕೊಂಡ ಮೇಲೆ, ಅವ್ವ ಮತ್ತು ತಮ್ಮ ಇದ್ದ ಬಾಣಾವರದ ಮನೆ, ತೋಟ ಎರಡೂ ನನ್ನ ತಮ್ಮನ ಹೆಸರಿಗೆ ಆಗಬೇಕಿತ್ತು. ಹಕ್ಕು ಬಿಡುಗಡೆ ಪತ್ರಕ್ಕೆ ನನ್ನ ರುಜು ಬೇಕು. ನಾನು ಕಣ್ಣುಮುಚ್ಚಿ ಹಾಕಲು ತಯಾರಾಗಿದ್ದೆ. ಪಾಲು ಕೇಳಿದ ಹೆಣ್ಣುಮಗಳಿಗೆ ಗೌರಿ ಹಬ್ಬದ ಕರೆ ಬರುವುದಿಲ್ಲ ಎಂಬುದು ನಮ್ಮ ಕಡೆ ಯಾವ ಕಾಗದದಲ್ಲೂ ಬರೆಯದ ಕಾನೂನು. ನನಗೆ ತೋಟ ಬೇಡವಾಗಿತ್ತು. ತವರು ಬೇಕಿತ್ತು.

ಸಬ್ ರಿಜಿಸ್ಟ್ರಾರ್ ಆಫೀಸಿನ ಜಗಲಿಯ ಮೇಲೆ ಕೂರಿಸಿಕೊಂಡು ದೊಡ್ಡಪ್ಪ, "ಓದು, ಜೋರಾಗಿ" ಎಂದರು.

"ರಾಹುಕಾಲ ಬತ್ತಾ ಐತೆ ದೊಡ್ಡಪ್ಪ" ಎಂದ ತಮ್ಮ.

"ಬರ್ಲಿ ಬಿಡು, ಅವನೂ ಕೂತ್ಕಂಡು ಕೇಳ್ಲಿ."

ಪುಟಪುಟವೂ ಓದಿದೆ. ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು. ಓದಿ ಮುಗಿದ ಮೇಲೆ, "ನಿನಗೂ ಅವನಷ್ಟೇ ಹಕ್ಕೈತೆ, ಗೊತ್ತಾಯ್ತಾ?" ಎಂದರು. ತಲೆಯಾಡಿಸಿದೆ. "ಬಿಡೋದಾದ್ರೆ ಬಿಡು ಮಗಳೇ. ತಿಳ್ಕಂಡು ಬಿಡು." ತಿಳಿದುಕೊಂಡೇ ಬಿಟ್ಟೆ.

ಅಷ್ಟಕ್ಕೆ ಸುಮ್ಮನಾದರೆ ಅವರು ನಮ್ಮ ದೊಡ್ಡಪ್ಪನೇ? ಬೇರೊಂದು ಹಾಳೆ ತೆಗೆದು ತಮ್ಮನ ಕೈಯಲ್ಲಿ ಬರೆಸಿದರು: "ಅಕ್ಕನ ನಾಮಕರಣದ ವರ್ಷ ಹಿತ್ತಲಲ್ಲಿ ನೆಟ್ಟ ತೆಂಗಿನ ಮರದ ಕಾಯಿ, ಪ್ರತಿ ವರ್ಷ ಒಂದು ಚೀಲ, ಗೌರಿ ಹಬ್ಬದೊಳಗೆ, ಮನೆಯವರೇ ಖುದ್ದಾಗಿ ಒಯ್ದು ತಲುಪಿಸತಕ್ಕದ್ದು. ಬೇರೆ ಯಾರ ಕೈಯಲ್ಲೂ ಕಳಿಸತಕ್ಕದ್ದಲ್ಲ." ಪತ್ರ ಬರೆಯುವವರು ನಕ್ಕರು. "ಯಜಮಾನ್ರೇ, ಇದು ಕೋರ್ಟಲ್ಲಿ ನಿಲ್ಲಲ್ಲ."

"ಕೋರ್ಟಿಗೆ ಯಾವನು ಹೋಯ್ತಾನೆ? ನಾನಿದೀನಲ್ಲ!"

ಮೊದಲ ವರ್ಷ ತಮ್ಮ ತಂದ. ಆಮೇಲೆ ಅವನಿಗೆ ಹೊಸದಾಗಿ ಇಟ್ಟ ಅಂಗಡಿ ಬಿಟ್ಟು ಬರಲಾಗಲಿಲ್ಲ; ಬೇಸರವೋ, ಸಂಕೋಚವೋ, ಫೋನೂ ಕಡಿಮೆಯಾಯಿತು. ಕರೆಯದೆ ನಾನಾದರೂ ಹೇಗೆ ಹೋಗಲಿ? ಆದರೆ ಕಾಯಿ ತಪ್ಪಲಿಲ್ಲ. "ನಾನೂ ಆ ಮನೆಯವನೇ, ಷರತ್ತು ಮುರಿದಿಲ್ಲ" ಎನ್ನುತ್ತಾ ದೊಡ್ಡಪ್ಪ ಜಾವಗಲ್ಲಿನ ಮೇಲೆ ಬರುವ ಬಸ್ಸಿನಿಂದ ಚೀಲ ಇಳಿಸುತ್ತಿದ್ದರು. ಕಾಯಿ ತಲುಪಿದ್ದಕ್ಕೆ ನನ್ನಿಂದ ರಸೀದಿ! ರುಜು ಹಾಕಿಸಿಕೊಂಡು, ಕನ್ನಡಕ ಏರಿಸಿ ನನ್ನನ್ನೊಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿ, ರಸೀದಿಯ ಹಿಂಬದಿಗೆ ಏನೋ ಗೀಚಿ ಜೇಬಿಗಿಳಿಸುತ್ತಿದ್ದರು. ಕಾಯಿ ಎಳಸೋ ಬಲಿತದ್ದೋ ಬರೆಯುತ್ತಾರೆ ಅಂದುಕೊಂಡಿದ್ದೆ.

ಈ ಸಲ ಶಿವರಾತ್ರಿಗೆ ಮುಂಚೆ ದೊಡ್ಡಪ್ಪ ಲಿಂಗೈಕ್ಯರಾದರು. "ನಾನಿದೀನಲ್ಲ" ಎಂದಿದ್ದವರೇ ಇಲ್ಲವಾದ ಮೇಲೆ ಆ ಹಾಳೆಯನ್ನು ಯಾರು ಕೇಳಬೇಕು? ಗೌರಿ ಹಬ್ಬದ ಹಿಂದಿನ ದಿನ ಪ್ರತಿ ಬಸ್ಸಿನ ಸದ್ದಿಗೂ ಬಾಗಿಲಿಗೆ ಹೋದೆ. ನಮ್ಮ ಯಜಮಾನರು, "ಕಾಯಿ ಸಂತೆಯಲ್ಲೂ ಸಿಗುತ್ತೆ ಕಣೇ" ಎಂದರು. ಅವರಿಗೇನು ಗೊತ್ತು!

ಹಬ್ಬದ ಬೆಳಿಗ್ಗೆ ಮೊರದ ಬಾಗಿನ ಜೋಡಿಸುತ್ತಿದ್ದೆ. ಬಾಗಿಲಲ್ಲಿ ಚೀಲ ಇಳಿಸಿದ ಸದ್ದಾಯಿತು. ತಮ್ಮ! ಬೆವರಿಳಿಸಿಕೊಂಡು ನಿಂತಿದ್ದ. ಕೈಯಲ್ಲೊಂದು ದಾರ ಕಟ್ಟಿದ ರಸೀದಿ ಕಟ್ಟು.

"ಅವ್ವನ ದಿಂಬಿನ ಕೆಳಗಿತ್ತು" ಎಂದ.

ಬಿಚ್ಚಿ ತಿರುಗಿಸಿದೆ. ಪ್ರತಿಯೊಂದರ ಹಿಂದೆಯೂ ದೊಡ್ಡಪ್ಪನ ಉರುಟು ಅಕ್ಷರ. "ಸ್ವೀಕರಿಸಿದವಳು ಆರೋಗ್ಯವಾಗಿರುತ್ತಾಳೆ." "ಸ್ವಲ್ಪ ಸೊರಗಿರುತ್ತಾಳೆ. ಕೇಳಿದರೆ ಇಲ್ಲ ಎನ್ನುತ್ತಾಳೆ." "ಹೊಸ ಬಳೆ ತೊಟ್ಟಿರುತ್ತಾಳೆ." ಅದರ ಕೆಳಗೆ, ಬಸ್ಸಿನ ಕುಲುಕಾಟದಲ್ಲಿ ಬರೆದ ಇನ್ನೊಂದು ಸಾಲು: "ಬಸ್ಸು ತಿರುಗುವವರೆಗೂ ನಿಂತಿದ್ದಳು." ಮಂಡಿ ನೋವಿಗೆ ಅವ್ವ ಬಸ್ಸು ಹತ್ತಲಾರಳು. ಫೋನಿನಲ್ಲಿ ಕೇಳಿದಾಗಲೆಲ್ಲ ನಾನು ಚೆನ್ನಾಗಿದ್ದೇನೆ ಎನ್ನುತ್ತಿದ್ದೆ. ಬಾಯಿಗೆ ಬೀಗ ಇಲ್ಲವಲ್ಲ! ಅವ್ವನಿಗೆ ಕಾಗದ ಬೇಕಿತ್ತು.

ತಮ್ಮ ಹೊಸ ರಸೀದಿ ಬರೆದು ತಂದಿದ್ದ. ಅದನ್ನು ತಿರುಗಿಸಿ, ನೆಲ ನೋಡುತ್ತಾ ಕೇಳಿದ: "ಅಕ್ಕಾ, ಇದು ಇಲ್ದೆ ಬರಬ್ಯಾಡ ಅಂದವ್ಳೆ ಅವ್ವ. ಹಿಂದ್ಗಡೆ ಏನಂತ ಬರೀಲಿ?"

"ಕಂಡಿದ್ದು ಬರಿ ಕಣೋ."

ಅವನು ನನ್ನ ಮುಖವನ್ನು ಬಹಳ ಹೊತ್ತು ನೋಡಿದ. ಬಾಗಿ ಬರೆದ. ಕೊಟ್ಟ. ಕಣ್ಣಿಗೆ ಅಕ್ಷರ ಕಾಣಲಿಲ್ಲ. ಓದದೆಯೇ ರುಜು ಹಾಕಿದೆ.

ದೊಡ್ಡಪ್ಪ ಬೈಯಬೇಕು. ಬೈಯುವುದಕ್ಕಾದರೂ ಒಮ್ಮೆ ಬರಬೇಕು.