ಮಹೇಂದ್ರ ಮೇಷ್ಟ್ರ ಮಂಡಿ

ಹಂಪಾಪುರದ ಕಡೆಯ ಒಂದು ಹೈಸ್ಕೂಲಿನ ಮಹೇಂದ್ರ ಮೇಷ್ಟ್ರಿಗೆ ಚುನಾವಣಾ ಕೆಲಸದ ಆದೇಶ ಬಂದದ್ದು ಸರಿಯಾಗಿ ನಾದಿನಿ ರೂಪಶ್ರೀಯ ಮದುವೆಯ ದಿನಕ್ಕೇ.

“ನನ್ ತಂಗಿ ಧಾರೆಲಿ ನೀವಿಲ್ಲ ಅಂದ್ರೆ, ಆಮೇಲೆ ಮನೆ ಕಡೆ ತಲೆ ಹಾಕ್ಬ್ಯಾಡಿ,” ಎಂದು ಹೆಂಡತಿ ಪದ್ಮಶ್ರೀ ತಣ್ಣಗೆ ಹೇಳಿದ್ದಳು. ಹೆದರಿದ ಮೇಷ್ಟ್ರು, ಬಲಗಾಲಿಗೆ ಸ್ವಾಧೀನವಿಲ್ಲವೆಂದು ವಿನಾಯಿತಿಗೆ ಅರ್ಜಿ ಹಾಕಿದರು. ಮದುವೆಗೆ ಇನ್ನು ಐದು ದಿನ. ಇವತ್ತು ಮೂರು ಗಂಟೆಗೆ ಆಸ್ಪತ್ರೆಯಲ್ಲಿ ತಪಾಸಣೆ.

ಬೆಳಿಗ್ಗೆ ಸ್ಟಾಫ್ ರೂಮಿನಲ್ಲಿ ವಿಜ್ಞಾನದ ಇಸಾಕ್ ಮೇಷ್ಟ್ರು ತಣ್ಣೀರೆರಚಿದರು. “ಡಾಕ್ಟ್ರು ಮಂಡಿ ಕೆಳಗೆ ರಬ್ಬರ್ ಸುತ್ತಿಗೇಲಿ ತಟ್ತಾರೆ. ಕಾಲು ಟಪ್ ಅಂತ ಏಳುತ್ತೆ. ಸಿಕ್ಕಾಕ್ಕೋತೀರಿ.”

“ನಾನು ಏಳ್ಸಲ್ಲ ಬುಡಿ.”

“ನಿಮ್ಮನ್ಯಾರು ಕೇಳ್ತಾರೆ? ಸುದ್ದಿ ಮಂಡಿಯಿಂದ ಬೆನ್ನುಹುರಿಗೆ ಹೋಗುತ್ತೆ, ಅಪ್ಪಣೆ ಅಲ್ಲಿಂದ್ಲೇ ವಾಪಸ್ ಬರುತ್ತೆ. ಮೆದುಳಿಗೆ ಗೊತ್ತಾಗೋದು ಆಮೇಲೆ. ಹೆಡ್‌ಮಾಸ್ಟ್ರನ್ನ ಕೇಳ್ದೆ ಜವಾನ ಬೆಲ್ ಹೊಡ್ದಂಗೆ ಕಣ್ರೀ.” ಮೇಷ್ಟ್ರ ಮುಖ ನೋಡಿ ಅವರಿಗೇ ಪಾಪ ಎನಿಸಿತು. “ತೊಡೆ ಬಿಗಿ ಹಿಡುದ್ರೆ ತಡೀಬೋದು. ಆದ್ರೆ ಅಭ್ಯಾಸ ಬೇಕು.”

ಪರೋಪಕಾರಕ್ಕೆ ನಮ್ಮಲ್ಲಿ ಬರವಿಲ್ಲ, ಅದರಲ್ಲೂ ಹೊಡೆಯುವ ಪರೋಪಕಾರಕ್ಕೆ. ಇಸಾಕ್ ಡಸ್ಟರಿನಿಂದ ತಟ್ಟಿದರು. ಕಾಲೆದ್ದು ಅವರ ಟೀ ಲೋಟವನ್ನೇ ಒದೆಯಿತು. ಡ್ರಿಲ್ ಮೇಷ್ಟ್ರು ಪ್ರಭುಸ್ವಾಮಿ ಪೀಪಿ ಊದಿ ಊದಿ ಹೊಡೆದರು. ಬಿಸಿಯೂಟದ ಸುಂದ್ರಮ್ಮ ಸೌಟು ಹಿಡಿದೇ ಬಂದಳು.

“ಒಂದೇ ಕಾಲ್ಗೆ ಒಡುದ್ರೆ ಊದ್ಕತದೆ ಸಾ. ಅದ್ಲುಬದ್ಲು ಮಾಡ್ಕಳಿ,” ಎಂದು ಎಡಗಾಲಿಗೂ ಬಾರಿಸಿದಳು. ಮಧ್ಯಾಹ್ನದ ಹೊತ್ತಿಗೆ ಯಾರು ಎಷ್ಟು ಬಡಿದರೂ ಎರಡು ಕಾಲೂ ಒರಳುಕಲ್ಲಿನಂತೆ ಕದಲದಾದವು.

ಆಸ್ಪತ್ರೆಯಲ್ಲಿ ಡಾಕ್ಟರ್ ಹರ್ಷಿತಾ ಬಲಮಂಡಿಗೆ ತಟ್ಟಿದರು. ಕಾಲು ಅಲ್ಲಾಡಲಿಲ್ಲ. ಬೀಸೋ ದೊಣ್ಣೆ ತಪ್ಪಿತೆಂದು ಮೇಷ್ಟ್ರು ಉಸಿರು ಬಿಟ್ಟರು.

“ಎಡಗಾಲು ಚೆನ್ನಾಗಿದೆಯಲ್ವಾ?”

“ಕುದ್ರೆ ಇದ್ದಂಗದೆ ಮೇಡಂ.”

ಡಾಕ್ಟರು ಅದಕ್ಕೂ ತಟ್ಟಿದರು. ಸುತ್ತಿಗೆ ಕಂಡದ್ದೇ ತಡ, ತೊಡೆ ತಾನಾಗಿಯೇ ಬಿಗಿದುಕೊಂಡಿತು. ಈ ಸಲವೂ ಮೇಷ್ಟ್ರನ್ನು ಯಾರೂ ಕೇಳಲಿಲ್ಲ. ಇನ್ನೊಮ್ಮೆ ತಟ್ಟಿದರು. ಊಹೂಂ.

“ಎರಡೂ ಕಾಲು ಏಳ್ತಿಲ್ಲ. ಬೆನ್ನುಹುರೀಲೇ ತೊಂದರೆ ಇರಬೇಕು. ವಿನಾಯಿತಿ ಕೊಡ್ತೀನಿ, ಆದ್ರೆ ಇವತ್ತೇ ಮೈಸೂರಲ್ಲಿ ಅಡ್ಮಿಟ್ ಆಗಿ. ಒಂದು ವಾರ ಹಾಸಿಗೆ ಬಿಟ್ಟು ಏಳೋಹಾಗಿಲ್ಲ.”

ನಿಜ ಹೇಳಿದರೆ ಸಸ್ಪೆಂಡು, ಹೇಳದಿದ್ದರೆ ಪದ್ಮಶ್ರೀ. ಧಾರೆ ಹೇಗೂ ತಪ್ಪಿತು, ಡ್ಯೂಟಿಯಾದರೆ ಒಂದೆರಡು ದಿನಕ್ಕೆ ಮುಗಿಯುತ್ತಿತ್ತು ಎಂದು ಮೇಷ್ಟ್ರಿಗೆ ಅಳುವೇ ಬಂತು.

“ವಿನಾಯಿತಿ ಬ್ಯಾಡಿ ಮೇಡಂ, ಅಡ್ಮಿಟ್ಟೂ ಬ್ಯಾಡಿ. ಎಲೆಕ್ಷನ್ ಡ್ಯೂಟಿನೇ ಮಾಡ್ತೀನಿ, ದಮ್ಮಯ್ಯ.”

ಡಾಕ್ಟರ ಕಣ್ಣು ಒದ್ದೆಯಾಯಿತು. “ಈ ಸ್ಥಿತೀಲೂ ಕರ್ತವ್ಯ ಅಂತೀರಲ್ಲ ಸರ್. ನಿಮ್ಮಂಥೋರನ್ನ ಉಳಿಸಿಕೊಳ್ಳಬೇಕು,” ಎಂದು ಚೀಟಿಯಲ್ಲಿ ಒಂದು ವಾರ ಎಂದು ಬರೆದಿದ್ದುದನ್ನು ಹೊಡೆದು ಎರಡು ವಾರ ಎಂದು ತಿದ್ದಿದರು.