ಬಿಸ್ಕತ್ತಿನ ಡಬ್ಬದಲ್ಲಿ ಮಾವ

ಎನಾಕ್ ಟನಿಕ್ಲಿಫ್ ಆ ಬೆಳಿಗ್ಗೆ ಮಾವನನ್ನು ಕಂಕುಳಲ್ಲಿ ಇರುಕಿಕೊಂಡು ಕೆಲಸಕ್ಕೆ ಹೊರಟ. ಮಾವ ಜೇಬೆಜ್ ಬೂದಿಯಾಗಿ ಬಿಸ್ಕತ್ತಿನ ಡಬ್ಬ ಸೇರಿದ್ದ. ಸಂಜೆ ಕಾರ್ಖಾನೆ ಪಕ್ಕದ ಚರ್ಚಿನಂಗಳದಲ್ಲಿ ಪಾದ್ರಿಯ ಮುಂದೆ ಡಬ್ಬ ಸಮೇತ ಹೂಳಬೇಕಿತ್ತು.

"ಹುಷಾರು ಕಣಪ್ಪ," ಎಂದಿದ್ದಳು ಅತ್ತೆ ಕೆಜಿಯಾ. "ಮೊನ್ನೆ ಮೀನು ತರೋಕೆ ಹೋಗಿ ಬಸ್ಸಲ್ಲಿ ಬಿಟ್ಟು ಬಂದ್ಯಲ್ಲ, ಹಂಗೆ ನಮ್ಮ ಯಜಮಾನ್ರನ್ನೂ ಬಿಟ್ಟು ಬಂದ್ರೆ ಈ ಮನೆ ಹೊಸಲು ತುಳೀಬೇಡ."

ಮನೆ ಅತ್ತೆಯದು. ಆದ್ದರಿಂದ ಎನಾಕ್ ಡಬ್ಬವನ್ನು ಇನ್ನಷ್ಟು ಬಿಗಿಯಾಗಿ ಅವುಚಿಕೊಂಡ.

ಸ್ಟೋಕ್ ಊರಿನ ಪಿಂಗಾಣಿ ಕೆಲಸದಲ್ಲೇ ಸವೆದ ಜೇಬೆಜ್, "ನನ್ನನ್ನ ಮಣ್ಣಿಗೆ ಹಾಕ್ಬೇಡಿ, ಟೀಪಾಟ್ ಮಾಡಿ" ಎಂದು ಹಟ ಹಿಡಿದು ಸತ್ತಿದ್ದ. ಪಾದ್ರಿ ಕೆಂಡಾಮಂಡಲವಾದರು. ಕೆಜಿಯಾ ತಲೆ ಬಗ್ಗಿಸಿ ಹೂಳಲು ಒಪ್ಪಿದಳು. ಹುಟ್ಟಿದಾರಭ್ಯ ಯಾರ ಮಾತಿಗೂ ತಲೆ ಬಗ್ಗಿಸದ ಹೆಂಗಸು ಇದೇಕೆ ಇಷ್ಟು ಮೆತ್ತಗಾದಳು ಎಂದು ಅಳಿಯನಿಗೆ ಅನುಮಾನ ಬರಬೇಕಿತ್ತು. ಅನುಮಾನ ಬರುವಷ್ಟು ಬುದ್ಧಿ ಇದ್ದಿದ್ದರೆ ಅವನು ಅತ್ತೆ ಮನೆಯಲ್ಲಿ ಇರುತ್ತಿರಲಿಲ್ಲ.

ಎನಾಕನದು ಮಣ್ಣು ಕಲಸುವ ಕೆಲಸ. ಬೋನ್ ಚೈನಾ ಪಿಂಗಾಣಿ ಎಂದರೆ ಸುಮ್ಮನೆ ಅಲ್ಲ, ಅದರಲ್ಲಿ ಅರ್ಧ ಭಾಗ ಎತ್ತಿನ ಮೂಳೆ. ಮೂಳೆಯನ್ನು ಬೇಯಿಸಿ ಜಿಡ್ಡು ತೆಗೆದು, ಬೆಳ್ಳಗಾಗುವ ತನಕ ಸುಟ್ಟು, ನೀರು ಹಾಕಿ ನುಣ್ಣಗೆ ಅರೆದು ಬಿಳಿಮಣ್ಣಿನ ಜೊತೆ ಕಲಸಿದರೆ, ಆಚೆ ಹಿಡಿದ ಬೆರಳು ಈಚೆ ಕಾಣುವಂಥ ತೆಳು ಟೀ ಕಪ್ ಬರುತ್ತದೆ, ಗಟ್ಟಿಯಾಗಿಯೂ ಇರುತ್ತದೆ. ದೊಡ್ಡಮನೆ ಹೆಂಗಸರು ಕಿರುಬೆರಳೆತ್ತಿ ಟೀ ಹೀರುವುದು ಎತ್ತಿನ ಮೊಣಕಾಲಿನಲ್ಲಿ. ಅದನ್ನು ಅವರಿಗೆ ಯಾರೂ ಹೇಳುವುದಿಲ್ಲ.

ಎನಾಕ್ ಡಬ್ಬವನ್ನು ಕಲಸುವ ತೊಟ್ಟಿಯ ಪಕ್ಕ ಇಟ್ಟು ಟೀ ಕುಡಿಯಲು ಹೋದ. ಬರುವಷ್ಟರಲ್ಲಿ ಮೇಸ್ತ್ರಿ ಶಾ ಖಾಲಿ ಡಬ್ಬ ಕೊಡವುತ್ತಿದ್ದ.

"ಸ್ಯಾಂಪಲ್ ಬೂದೀನ ಕಂಡ ಕಂಡಲ್ಲಿ ಬಿಡ್ತೀಯಲ್ಲೋ! ತೊಟ್ಟಿಗೆ ಸುರಿದೆ."

"ಅಯ್ಯೋ, ಅದು ನಮ್ಮ ಮಾವ!"

ಶಾ ಒಂದು ಗಳಿಗೆ ಬಿಳಿಚಿಕೊಂಡ. ಆಮೇಲೆ ಸಂಜೆ ಕ್ಲಾಸಿನಲ್ಲಿ ಕಲಿತ ವಿದ್ಯೆ ನೆನಪಾಗಿ ಎದೆ ಉಬ್ಬಿಸಿದ. "ಅದಕ್ಯಾಕೆ ಬಾಯಿ ಬಡ್ಕೋತೀಯ? ಎತ್ತು ಸುಟ್ರೂ ಕ್ಯಾಲ್ಸಿಯಂ ಫಾಸ್ಫೇಟು, ನಿಮ್ಮ ಮಾವನ್ನ ಸುಟ್ರೂ ಕ್ಯಾಲ್ಸಿಯಂ ಫಾಸ್ಫೇಟು. ಏನೂ ವ್ಯತ್ಯಾಸ ಇಲ್ಲ."

"ಹಂಗಾದ್ರೆ ಒಂದು ಡಬ್ಬ ಎತ್ತಿನ ಬೂದಿ ಕೊಡಿ, ಮಾವ ಅಂತ ಹೂಳ್ತೀನಿ."

"ಕಂಪನಿ ಮಾಲು ಕೊಡೋದಾ? ಗುಲಾಬಿ ಗಿಡಕ್ಕೆ ಒಳ್ಳೇ ಗೊಬ್ಬರ ಅಂತ ಎಲ್ಲರೂ ಕದ್ದು ಕದ್ದೇ ಮೂಟೆ ಇಡೋ ಕೋಣೆಗೆ ಬೀಗ ಬಿದ್ದಿರೋದು. ಆಗಲ್ಲ!" ಒಬ್ಬರ ಮಾವನನ್ನು ಪುಕ್ಕಟೆ ಕಂಪನಿಗೆ ಸೇರಿಸಿದವನ ಪ್ರಾಮಾಣಿಕತೆ ಇದು.

ಸುದ್ದಿ ಹಬ್ಬಿತು. ಸಲಹೆ ಕೊಡುವವರಿಗೆ ಬರವಿರಲಿಲ್ಲ.

"ಮೈದಾಹಿಟ್ಟು ತುಂಬು."

"ಮಳೆ ಬಂದ್ರೆ? ಮಾವ ಹಿಟ್ಟಾಗಿ ಉಬ್ಬಿ ಮೇಲೆದ್ದು ಬರ್ತಾನೆ!"

"ಎದ್ದು ಬಂದ್ರೆ ಅಳಿಯನ್ನೇ ಮೊದ್ಲು ಹಿಡ್ಕೊಳ್ಳೋದು!"

ಅವರು ಬಿದ್ದು ಬಿದ್ದು ನಗುತ್ತಿದ್ದಾಗ ಎನಾಕನ ಕಣ್ಣು ಮೇಲಿನ ಹಲಗೆಯ ಮೇಲೆ ಹೋಯಿತು. ನಿನ್ನೆ ಇಲ್ಲದ ನೀಲಿ ಜಾಡಿ ಅಲ್ಲಿತ್ತು. ಅದು ಟೀ ಕಪ್‌ಗಳಿಗೆ ಹಿಡಿ ಅಂಟಿಸುವ ಎಲ್ಸಿ ಬ್ಲೋರ್ ತನ್ನ ಸಾಮಾನು ಇಡುವ ಜಾಗ, ಎಲ್ಸಿ ಅತ್ತೆಯ ಜೀವದ ಗೆಳತಿ. ಮುಚ್ಚಳ ತೆಗೆದರೆ ಬೂದಿ! ಸ್ವಲ್ಪ ತರಿತರಿ, ಬಣ್ಣವೂ ಮಂಕು. ಎಲ್ಸಿಯೂ ಗುಲಾಬಿಗೆ ಕದ್ದಿಟ್ಟಿದ್ದಾಳೆ, ಅದೂ ಕಳಪೆ ಮಾಲು ಎಂದುಕೊಂಡು ಅಷ್ಟನ್ನೂ ಡಬ್ಬಕ್ಕೆ ಸುರಿದುಕೊಂಡ. ಜಾಡಿ ಬರಿದಾದದ್ದು ಕಾಣಬಾರದೆಂದು ತೊಟ್ಟಿಯ ಪಕ್ಕದ ಬಿಳಿಮಣ್ಣು ತುಂಬಿಸಿಟ್ಟ. ತಾನೇ ಮೆಚ್ಚಿಕೊಳ್ಳುವಷ್ಟು ಚುರುಕಾಗಿ ಮಾಡಿದ್ದ.

ಸಂಜೆ ಪಾದ್ರಿ ಗಂಭೀರವಾಗಿ ಪ್ರಾರ್ಥಿಸಿದರು. ಡಬ್ಬ ಗುಂಡಿಗೆ ಇಳಿಯಿತು. ಎನಾಕ್ ಎತ್ತಿಗಾಗಿ ಗಳಗಳ ಅತ್ತ. ಕೆಜಿಯಾಳ ಕಣ್ಣಲ್ಲಿ ಒಂದು ಹನಿಯಿಲ್ಲ, ಎಲ್ಸಿಯ ಪಕ್ಕೆ ತಿವಿದು ತುಟಿ ಕಚ್ಚಿಕೊಂಡಳು.

"ಇಂಥ ಅಳಿಯನ್ನ ಪಡೆಯೋಕೆ ಪುಣ್ಯ ಮಾಡಿರ್ಬೇಕಮ್ಮ," ಎಂದರು ಪಾದ್ರಿ.

ಮನೆಯಲ್ಲಿ ಅತ್ತೆ ಎಂದೂ ಇಲ್ಲದ ಪ್ರೀತಿಯಿಂದ ಬಿಸಿ ಓಟ್ ದೋಸೆ, ಹುರಿದ ಬೇಕನ್ ಬಡಿಸಿದಳು. ಎನಾಕನಿಗೆ ಸದ್ಯ ಬದುಕಿಕೊಂಡೆ ಅನ್ನಿಸಿತು.

"ಇನ್ನು ಹೇಳಬಹುದು," ಎಂದಳು ಕೆಜಿಯಾ, ಬಾಗಿಲು ಹಾಕಿ ಬಂದು. "ಆ ಡಬ್ಬದಲ್ಲಿ ಇದ್ದದ್ದು ಯಜಮಾನ್ರಲ್ಲ ಕಣೋ. ಗುಲಾಬಿಗೆ ಅಂತ ಅವರು ಕಾರ್ಖಾನೆಯಿಂದ ಕದ್ದು ತಂದಿದ್ದ ಎತ್ತಿನ ಬೂದಿ! ಪಾದ್ರಿ ಮಾತಿಗೆ ನಾನು ನನ್ನ ಗಂಡನ ಆಸೆ ಮುರೀತೀನಾ?"

ಎನಾಕನಿಗೆ ನಗು ಉಕ್ಕಿ ಬಂತು. ಇಡೀ ದಿನ ಬೆವರಿದ್ದೆಲ್ಲ ದಂಡ! ತೊಟ್ಟಿಗೆ ಬಿದ್ದದ್ದೂ ಎತ್ತು, ಹೂತದ್ದೂ ಎತ್ತು. "ಭಲೇ ಅತ್ತೆ! ಹಂಗಾದ್ರೆ ಮಾವ ಎಲ್ಲಿ?"

"ನಿಮ್ಮ ಕಾರ್ಖಾನೇಲೇ. ಎಲ್ಸಿ ನಾಳೆ ಬೆಳಿಗ್ಗೆ ಅರೆದು ಟೀಪಾಟ್ ಮಾಡಿಸ್ತಾಳೆ. ನಿನ್ನ ತಲೆ ಮೇಲಿನ ಹಲಗೇಲೇ ಇಟ್ಟಿದೀವಿ, ನೀಲಿ ಜಾಡೀಲಿ."

ಎನಾಕನ ಗಂಟಲಲ್ಲಿ ದೋಸೆ ಸಿಕ್ಕಿಕೊಂಡಿತು. ಕೆಜಿಯಾ ಬೆನ್ನಿಗೆ ಗುದ್ದಿದಳು, ನೀರು ಕುಡಿಸಿದಳು. ಕೊನೆಗೆ ಉಸಿರು ಬಂತು.

"ಅತ್ತೆ," ಎಂದ ಅವನು, "ನಮ್ಮ ಸಲಿಕೆ ಎಲ್ಲಿದೆ?"