ನರಿಯ ಗದ್ದ ಹಿಡಿದ ಕೈ

ಹೆದರುವವರ ಮೇಲೆ ಕಪ್ಪೆ ಎಸೆದರಂತೆ. ಸರ್ಕಾರ ನನ್ನ ಮೇಲೆ ರಾಣೆಬೆನ್ನೂರಿನ ಕೃಷ್ಣಮೃಗಗಳ ಕಾಡನ್ನೇ ಎಸೆದಿದೆ. ನಾನು ದನದ ಡಾಕ್ಟರು, ಹುಟ್ಟು ಪುಕ್ಕಲ. ಕಾಡಿನಂಚಿನ ಊರಲ್ಲಿ ಯಾವ ಪ್ರಾಣಿ ಜೊಲ್ಲು ಸುರಿಸಿದರೂ ಮೊದಲ ಫೋನು ನನಗೇ ಬರುತ್ತದೆ. ಇಂಥವೆಲ್ಲ ನನಗೇ ಯಾಕೆ ಗಂಟು ಬೀಳುತ್ತವೆ ಎಂದರೆ ಹೆಂಡತಿಯ ಉತ್ತರ ಸಿದ್ಧ: "ನೀವು ಹೆದರತೀರಿ ಅಂತ ಅವುಕ್ಕ ಗೊತ್ತಾಗೇತಿ."

೧. ಯಾರ ನಾಯಿ?

ಊರ ನಾಯಿಗೆ ಹುಚ್ಚು ಹಿಡಿದರೆ ಅದು ಊರಿಗಷ್ಟೇ ಮುಗಿಯುವುದಿಲ್ಲ. ಕಾಡಿನಂಚಿನಲ್ಲಿ ಸುರಿದ ಕೋಳಿ ಅಂಗಡಿಯ ಕಸಕ್ಕೆ ನಾಯಿಗಳೂ ಬರುತ್ತವೆ, ನರಿ ತೋಳಗಳೂ ಬರುತ್ತವೆ. ಅಲ್ಲೊಂದು ಕಚ್ಚಾಟವಾದರೆ ರೇಬೀಸ್ ಕಾಡಿನೊಳಗೆ ಹೊಕ್ಕಿತೆಂದೇ ಲೆಕ್ಕ. ಆ ವರ್ಷ ಕಾಡಿನೊಳಗೆ ತೋಳವೊಂದು ಮರಿ ಹಾಕಿತ್ತು. ಕಾಡಿನ ವಾಚರ್ ಒಬ್ಬರಿದ್ದಾರೆ, ನಾವೆಲ್ಲ ಚಾಚಾ ಅನ್ನುವ ಹಿರಿಯರು. ಮೊಮ್ಮಕ್ಕಳ ಸುದ್ದಿ ಹೇಳುವಂತೆ ಆ ಮರಿಗಳ ಸುದ್ದಿ ಹೇಳುತ್ತಿದ್ದರು. ನನಗೆ ರಾತ್ರಿ ನಿದ್ದೆ ಬರಲಿಲ್ಲ. ಊರ ನಾಯಿಗಳಿಗೆಲ್ಲ ಸೂಜಿ ಹಾಕೋಣವೆಂದು ಚಾಚಾನನ್ನು ಕರೆದುಕೊಂಡು ಹೊರಟೆ.

"ಇದು ಯಾರ ನಾಯಿ?" ಎಂದು ಮೊದಲ ಮನೆಯವರನ್ನು ಕೇಳಿದೆ.

"ನಮ್ದಲ್ರಿ. ನಮ್ಮ ಕಟ್ಟಿ ಮ್ಯಾಲ ಮಲಗತೈತಿ, ನಮ್ಮ ರೊಟ್ಟಿ ತಿಂತೈತಿ, ಅಷ್ಟ."

ತನ್ನದೆಂದರೆ ಹಿಡಿದು ನಿಲ್ಲಿಸಬೇಕಲ್ಲ, ಹೀಗಾಗಿ ಇಡೀ ಊರಿನಲ್ಲಿ ಒಂದು ನಾಯಿಗೂ ಮಾಲೀಕರಿಲ್ಲ. ಚಾಚಾ ದನಿಯೆತ್ತಿ, "ಯಾರ್ದೂ ಅಲ್ಲಂದ್ರ ಗಾಡ್ಯಾಗ ಹಾಕ್ಕೊಂಡು ಹೊಕ್ಕೇವಿ ನೋಡ್ರಿ" ಅಂದರು. ತಕ್ಷಣ ಆ ಒಂದೇ ನಾಯಿಗಾಗಿ ಮೂರು ಮನೆಯವರು ಜಗಳಕ್ಕೆ ನಿಂತರು. ಗದ್ದಲದ ನಡುವೆಯೇ ಸೂಜಿ ಚುಚ್ಚಿ ಮುಗಿಸಿದೆ. ಮೂರನೇ ಮನೆಯ ಅಜ್ಜಿ ನನ್ನ ಕೈ ಹಿಡಿದು ನಿಲ್ಲಿಸಿದಳು: "ಅವರ ಮನೀ ಸೂಜಿ ಒಂದು ಹಾಕಿದ್ರಿ. ನಮ್ಮ ಮನೀದು?"

೨. ಓಡದ ನರಿ

ಒಂದು ಬೆಳಿಗ್ಗೆ ಚಾಚಾ ಫೋನು ಮಾಡಿದರು. "ಡಾಕ್ಟ್ರ, ಲಗೂ ಬರ್ರಿ. ನರಿ ಒಂದು ದಾರ್ಯಾಗ ಕುಂತೈತಿ. ಮಂದಿ ಬಂದ್ರೂ ಓಡವಲ್ದು."

ಮನುಷ್ಯನನ್ನು ಕಂಡು ನರಿ ಓಡದಿದ್ದರೆ ಮನುಷ್ಯ ಓಡಬೇಕು. ನಾನು ಹೋಗಿ ನೋಡಿದರೆ ಜನ ಅದರ ಮುಂದೆ ಸಾಲು ಹಚ್ಚಿದ್ದರು! ಬೆಳಿಗ್ಗೆದ್ದು ನರಿ ಮುಖ ನೋಡಿದರೆ ಅಂದು ಕೈ ಹಾಕಿದ ಕೆಲಸವೆಲ್ಲ ಆಗುತ್ತದೆಂದು ನಮ್ಮ ಕಡೆಯ ನಂಬಿಕೆ. ಕೋರ್ಟಿನ ತಾರೀಖು ಇದ್ದವರು, ಹೆಣ್ಣು ನೋಡಲು ಹೊರಟವರು, ಎಲ್ಲರೂ ಅಲ್ಲೇ. ನರಿಯ ಬಾಯಿಂದ ಜೊಲ್ಲು ಇಳಿಯುತ್ತಿತ್ತು, ನನ್ನ ಬೆನ್ನಿನಿಂದ ಬೆವರು.

"ಹಿಂದ ಸರೀರಿ! ಹುಚ್ಚು ಹಿಡದಿರಬಹುದು!" ಎಂದು ಕೂಗಿದೆ.

ಮುಂದೆ ನಿಂತಿದ್ದವನು ನನ್ನನ್ನೇ ಸಮಾಧಾನ ಮಾಡಿದ: "ಇರ್ಲಿ ಬಿಡ್ರಿ ಡಾಕ್ಟ್ರ. ಹುಚ್ಚು ಹಿಡದದ್ದು ತಲಿಗೆ. ಮುಖ ನರೀದ ಐತಲ್ಲ?"

೩. ಡಬ್ಬಿಯ ಪ್ರಯಾಣ

ಬಲೆ ಹಾಕಿ ನರಿಯನ್ನು ಹಿಡಿದು, ಚಾಚಾನ ಕಾವಲು ಚೌಕಿಯ ಹಿಂದೆ ಬೋನಿನಲ್ಲಿಟ್ಟೆವು. ಎರಡನೇ ದಿನ ಅದು ಸತ್ತಿತು. ನನಗೆ ಪಾಪ ಅನ್ನಿಸಿತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ನಾನು ಮೊದಲೇ ಸೂಜಿ ಹಾಕಿಸಿಕೊಂಡವನು, ಕೈಗೆ ಗ್ಲೌಸ್ ಹಾಕಿದ್ದವನು. ಆದರೂ ಅಂದು ಅರ್ಧ ಸೋಪು ಸವೆಯುವಷ್ಟು ಸಲ ಕೈ ತೊಳೆದೆ.

ರೇಬೀಸ್ ಹೌದೋ ಅಲ್ಲವೋ ತಿಳಿಯಲು ತಲೆಯನ್ನು ಪರೀಕ್ಷೆಗೆ ಕಳಿಸಬೇಕು. ಜೀಪು ಗ್ಯಾರೇಜಿನಲ್ಲಿತ್ತು. ಮೂರು ಪದರ ಸೀಲು ಮಾಡಿ, ಐಸ್ ಡಬ್ಬಿಯಲ್ಲಿಟ್ಟು, ತೊಡೆಯ ಮೇಲೆ ಇಟ್ಟುಕೊಂಡು ಹಾವೇರಿ ಬಸ್ಸು ಹತ್ತಿದೆ.

"ಡಬ್ಬ್ಯಾಗ ಏನೈತ್ರಿ?" ಎಂದು ಕಂಡಕ್ಟರ್ ಕೇಳಿದ.

ಹೆದರಿದಾಗ ನನಗೆ ಸುಳ್ಳು ಹೊಳೆಯುವುದಿಲ್ಲ. "ತಲಿ" ಅಂದೆ.

ಪಕ್ಕದಲ್ಲಿದ್ದವರು ಎದ್ದು ಹಿಂದಿನ ಸೀಟಿಗೆ ಹೋದರು. ಕಂಡಕ್ಟರ್ ಬಸ್ಸು ನಿಲ್ಲಿಸಲು ಸೀಟಿ ಬಾಯಿಗಿಟ್ಟುಕೊಂಡ. "ಯಾರ್ದುರಿ?"

"ನರೀದು. ಪರೀಕ್ಷಾಕ್ಕ ಹೊಂಟೈತಿ."

ಸೀಟಿ ಕೆಳಗಿಳಿಯಿತು. ಅವನು ಬಗ್ಗಿ ಮೆತ್ತಗೆ ಕೇಳಿದ: "ಒಂಚೂರು ಮುಚ್ಚಳ ತಗೀತೀರೇನ್ರಿ? ನಾಳೆ ನನ್ನ ಟ್ರಾನ್ಸ್‌ಫರ್ ಕೌನ್ಸೆಲಿಂಗ್ ಐತಿ."

೪. ಕೆಂಪು ಕೈ

ಫಲಿತಾಂಶ ಬಂತು. ರೇಬೀಸ್ ಹೌದು. ಅದೇ ದಿನ ನನ್ನ ಮೊಬೈಲಿಗೆ ಒಂದು ಫೋಟೊ ಬಂತು, ಯಾರ್ಯಾರ ಗ್ರೂಪು ಸುತ್ತಿ ಬಂದದ್ದೋ. ಬೋನಿನಲ್ಲಿ ನಮ್ಮ ನರಿ. ಸರಳಿನೊಳಗೆ ತೂರಿದ ಒಂದು ಕೈ ಅದರ ಗದ್ದವನ್ನು ಮುದ್ದಿನಿಂದ ಹಿಡಿದಿದೆ. ಮುಖವಿಲ್ಲ, ಬರೀ ಕೈ, ಉಗುರಿನವರೆಗೂ ಕೆಂಪು.

ಮೊಬೈಲು ಹಿಡಿದು ಚಾಚಾನ ಚೌಕಿಗೆ ಹೋದೆ. ರೋಗ ಒಮ್ಮೆ ಕಾಣಿಸಿಕೊಂಡರೆ ಆ ಕೈಯವನು ಉಳಿಯುವುದಿಲ್ಲ. ಅದಕ್ಕೆ ಮೊದಲೇ ಅವನನ್ನು ಹುಡುಕಿ ಸೂಜಿ ಹಾಕಿಸಬೇಕು.

"ನಾ ನಮಾಜಿಗೆ ಹೋದಾಗ ಬ್ಯಾಡಗಿ ಕಡಿಂದ ಒಂದು ಕಾರು ಬಂದಿತ್ತಂತ್ರಿ" ಎಂದರು ಚಾಚಾ. ಇಬ್ಬರೂ ಬ್ಯಾಡಗಿಗೆ ಓಡಿದೆವು. ಮೆಣಸಿನಕಾಯಿ ಮಾರುಕಟ್ಟೆಯೊಳಗೆ ಕಾಲಿಟ್ಟ ಮೇಲೆ, ಕೆಂಪು ಕೈಯ ಗುರುತು ಹಿಡಿದು ಹೊರಟ ನನ್ನ ದಡ್ಡತನ ನನಗೆ ತಿಳಿಯಿತು. ಹಮಾಲರು, ದಲಾಲರು, ತೊಟ್ಟು ಬಿಡಿಸುವ ಹೆಂಗಸರು, ಚಹಾ ಕೊಡುವವನು, ಅಲ್ಲಿ ಕೆಂಪಗಿಲ್ಲದ ಕೈಯೇ ಇಲ್ಲ. ಘಾಟಿಗೆ ನಾನು ಸೀನುತ್ತ, "ಇದು ಯಾರ ಕೈರಿ?" ಎಂದು ಕೇಳುತ್ತ ಹೋದೆ. ಪಕ್ಕದಲ್ಲಿ ಚಾಚಾನ ಖಾಕಿ ಅಂಗಿ ಕಂಡಿದ್ದೇ ಎಲ್ಲರ ಕೈಗಳೂ ಬೆನ್ನ ಹಿಂದೆ ಹೋದವು. ಸಾವಿಗಿಂತ ಫಾರೆಸ್ಟ್ ಕೇಸಿಗೆ ಹೆದರುವ ಜನ!

ಒಬ್ಬ ಅಂಗಡಿ ಸೌಕಾರ್ರು ಮಾತ್ರ ದೇವರಂತೆ ಸಿಕ್ಕರು. ಚಹಾ ಕುಡಿಸಿ, ನಮ್ಮ ಜೊತೆ ಕೋಲ್ಡ್ ಸ್ಟೋರೇಜುಗಳಿಗೆಲ್ಲ ತಿರುಗಿ, "ಹೇಳ್ರಲೇ, ಜೀವದ ಪ್ರಶ್ನೆ ಐತಿ!" ಎಂದು ಹಮಾಲರನ್ನು ಗದರಿದರು. ಮಧ್ಯಾಹ್ನ ದಾಟಿತು. ನನಗೆ ಅಳುವೊಂದು ಬಾಕಿ. ಆಗ ಸೌಕಾರ್ರು ಪಕ್ಕಕ್ಕೆ ಕರೆದರು.

"ಡಾಕ್ಟ್ರ, ಕಚ್ಚಿಲ್ಲ ಅಂದ್ರೂ ಬರತೈತೇನ್ರಿ? ಬರೇ ಜೊಲ್ಲು ಹತ್ತಿದ್ರ?"

"ಕೈಯಾಗ ಗಾಯ ಇದ್ರ ಬರತೈತ್ರಿ."

"ಸಣ್ಣ ಗಾಯ ಇದ್ರ? ಚೀಲ ಹೊಲಿಯೋ ದಬ್ಬಣ ಹೆಟ್ಟಿದ್ದು?" ಹಣೆಯ ಬೆವರು ಒರೆಸಿಕೊಂಡರು. "ನಮ್ಮ ಗೆಳ್ಯಾ ಒಬ್ಬಾಂವ ಕೇಳಾಕತ್ತಿದ್ದ."

ಚಾಚಾ ಮುಂದೆ ಬಂದು, "ನಿಮ್ಮ ಗೆಳ್ಯಾನ ಕೈ ತೋರಸ್ರಿ ಸೌಕಾರ್ರ" ಅಂದರು.

ಬಲಗೈ ಮೆಲ್ಲಗೆ ಕಿಸೆಯಿಂದ ಹೊರಬಂತು. ಹೆಬ್ಬೆರಳ ಬುಡದಲ್ಲಿ ಗಾಯವಿತ್ತು. ನನಗೆ ಸಿಟ್ಟೂ ಬಂತು, ಅಪ್ಪಿಕೊಳ್ಳುವಷ್ಟು ಸಂತೋಷವೂ ಆಯಿತು. ನಲ್ಲಿಯ ಕೆಳಗೆ ನಿಲ್ಲಿಸಿ ಸೋಪು ಹಚ್ಚಿ ತೊಳೆಸಿ, ಅವರದೇ ಕಾರಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೊರಟೆವು. ದಾರಿಯಲ್ಲಿ ತಡೆಯದೆ ಕೇಳಿದೆ, "ಅಲ್ರಿ, ಹುಚ್ಚು ನರಿ ಗದ್ದ ಹಿಡದು ಮುದ್ದು ಮಾಡಾಕ ಏನಾಗಿತ್ರಿ ನಿಮಗ?"

"ಮುದ್ದು ಯಾರು ಮಾಡಿದ್ರು?" ಸೌಕಾರ್ರಿಗೆ ಅವಮಾನವಾಯಿತು. "ಅವತ್ತು ಟೆಂಡರ್ ಇತ್ತು. ಮುಖ ನೋಡೂಣು ಅಂತ ಹೋದ್ರ ಆ ಸುಡಗಾಡು ಪ್ರಾಣಿ ಬೆನ್ನು ತಿರುಗಿಸಿ ಕುಂತಿತ್ರಿ. ನರಿ ಹಿಂಭಾಗ ನೋಡಿ ಹೋದ್ರ ದಂಧೆ ಮುಳುಗಂಗಿಲ್ಲೇನು? ಗದ್ದ ಹಿಡದು ಈ ಕಡೆ ತಿರುಗಿಸಿದ್ನಿ, ಅಷ್ಟ!"

ಆಸ್ಪತ್ರೆಯಲ್ಲಿ ಆಗಷ್ಟೇ ಡ್ಯೂಟಿಗೆ ಬಂದಿದ್ದ ಸಿಸ್ಟರ್ ಸೂಜಿ ಎತ್ತಿದ್ದೇ ತಡ, ಸೌಕಾರ್ರು ಕಣ್ಣು ಮುಚ್ಚಿ ಮುಖವನ್ನು ಗೋಡೆಯ ಕಡೆ ಮಾಡಿದರು. ಚಾಚಾ ಹತ್ತಿರ ಹೋಗಿ ಅವರ ಗದ್ದ ಹಿಡಿದು ಮೆತ್ತಗೆ ಈ ಕಡೆ ತಿರುಗಿಸಿದರು.

"ಹಂಗ ಕುಂದ್ರಬ್ಯಾಡ್ರಿ ಸೌಕಾರ್ರ. ಪಾಪ, ಸಿಸ್ಟರ್‌ಗ ಇವತ್ತಿನ ಮೊದಲ ಬೋಣಿಗಿ ನೀವ."